ಹದಿಹರೆಯದಲ್ಲಿ ವ್ಯಕ್ತಿತ್ವದ ವಿಕಾಸ ಹಾಗೂ ತನ್ನತನದ ಅರಿವು

ಬಾಲ್ಯ, ಯೌವನ, ಮುಪ್ಪು ಎಂಬ ಮೂರು ಅವಸ್ಥೆಗಳನ್ನು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಬಾಲ್ಯವು ಮುಗಿದು, ಯೌವನವು ಇನ್ನೂ ನೆಲೆಗೊಳ್ಳದ ಸಂಧಿಕಾಲವೊಂದುಂಟು. ಅದೇ ಹದಿಹರೆಯ. ವಿಶ್ವ ಆರೋಗ್ಯ ಸಂಸ್ಥೆಯು 10ರಿಂದ 19 ವರ್ಷಗಳವರೆಗಿನ ಕಾಲವನ್ನು ಈ ಹೆಸರಿನಿಂದ ಗುರುತಿಸುತ್ತದೆ. ಬದುಕಿನ ದೀರ್ಘ ಪಯಣದಲ್ಲಿ ಈ ಹತ್ತು ವರ್ಷಗಳು ಅಲ್ಪವೇ ಸರಿ. ಆದರೆ ಮುಂದಿನ ಐವತ್ತು ಅರವತ್ತು ವರ್ಷಗಳ ನಡೆನುಡಿಗೆ ಬುನಾದಿ ಬೀಳುವುದು ಬಹುಮಟ್ಟಿಗೆ ಇಲ್ಲಿಯೇ.

ನಿನ್ನೆಯವರೆಗೆ ತಾಯಿಯ ಸೆರಗು ಹಿಡಿದು ಶಾಲೆಯ ಸುದ್ದಿಯನ್ನೆಲ್ಲ ಹೇಳುತ್ತಿದ್ದ ಮಗಳು ಇಂದು ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕುಳಿತುಬಿಡುತ್ತಾಳೆ. ಹೇಳಿದ ಕೆಲಸವನ್ನು ಮರುಮಾತಿಲ್ಲದೆ ಮಾಡುತ್ತಿದ್ದ ಮಗ ಪ್ರತಿಯೊಂದಕ್ಕೂ 'ಏಕೆ?' ಎಂದು ಕೇಳತೊಡಗುತ್ತಾನೆ. ಬಟ್ಟೆಬರೆ, ಕೇಶಶೃಂಗಾರ, ಗೆಳೆಯರ ಬಳಗ, ಮನೆಯ ಪೂಜೆ, ಹಬ್ಬ, ನೆಂಟರ ಮನೆಯ ಮದುವೆ ಎಲ್ಲವೂ ವಾದಕ್ಕೆ ವಸ್ತುವಾಗುತ್ತವೆ. 'ನಮ್ಮ ಮಗು ಮೊದಲಿನಂತಿಲ್ಲ' ಎಂದು ತಾಯಿತಂದೆಗಳು ಕೊರಗುತ್ತಾರೆ. ಮಗು ಮೊದಲಿನಂತಿರಲು ಸಾಧ್ಯವೇ ಇಲ್ಲ ಎಂಬುದನ್ನು ಅರಿತುಕೊಂಡರೆ ಆ ಕೊರಗು ಅರ್ಧ ಕಡಿಮೆಯಾಗುತ್ತದೆ. ಏನು ಬದಲಾಗುತ್ತಿದೆ, ಏಕೆ ಬದಲಾಗುತ್ತಿದೆ ಎಂಬುದನ್ನು ತಿಳಿದುಕೊಂಡರೆ ಉಳಿದರ್ಧವನ್ನು ನಿಭಾಯಿಸುವ ದಾರಿಯೂ ಕಾಣುತ್ತದೆ.

ಸ್ವಭಾವ ಮತ್ತು ತನ್ನತನ

ಈ ಕಾಲದಲ್ಲಿ ಎರಡು ಬೆಳವಣಿಗೆಗಳು ಜೊತೆಜೊತೆಯಾಗಿ ನಡೆಯುತ್ತವೆ. ಮೊದಲನೆಯದು ಸ್ವಭಾವದ ಬೆಳವಣಿಗೆ. ಒಂದು ಮಗು ಸಂಕೋಚದ್ದು, ಇನ್ನೊಂದು ಮಾತುಗಾರ. ಒಂದು ಅಚ್ಚುಕಟ್ಟಿನದು, ಇನ್ನೊಂದು ಎಲ್ಲವನ್ನೂ ಚೆಲ್ಲಾಡುವುದು. ಒಂದು ಸಣ್ಣ ಮಾತಿಗೂ ಕಳವಳಪಡುವುದು, ಇನ್ನೊಂದು ಯಾವುದಕ್ಕೂ ಜಗ್ಗದ್ದು. ಇಂತಹ ಗುಣಗಳಿಗೆ ಹುಟ್ಟಿನಿಂದ ಬಂದ ಅಂಶವೂ ಇದೆ, ಮನೆಯ ವಾತಾವರಣದ ಪಾಲೂ ಇದೆ.

ಎರಡನೆಯದು ತನ್ನತನದ ಅರಿವು. 'ನಾನು ಯಾರು? ಯಾವ ಮಾತಿಗೆ ನಾನು ಬದ್ಧ? ಏನಾಗಿ ಬಾಳಬೇಕು?' ಎಂಬ ಪ್ರಶ್ನೆಗಳಿಗೆ ಮನಸ್ಸು ಕಂಡುಕೊಳ್ಳುವ ಉತ್ತರವೇ ತನ್ನತನ. ಎಂಟು ವರ್ಷದ ಮಗುವಿಗೆ ಈ ಪ್ರಶ್ನೆಗಳು ಕಾಡುವುದಿಲ್ಲ. ಅದು ಇಂಥವರ ಮಗ, ಇಂಥ ಶಾಲೆಯ ವಿದ್ಯಾರ್ಥಿ, ಅಷ್ಟು ಸಾಕು. ಹದಿನಾಲ್ಕರ ಹೊತ್ತಿಗೆ ಅಷ್ಟು ಸಾಲದಾಗುತ್ತದೆ.

ಇದಕ್ಕೆ ದೇಹದಲ್ಲಿಯೂ ಕಾರಣವಿದೆ. ಭಾವೋದ್ರೇಕಕ್ಕೆ ಸಂಬಂಧಿಸಿದ ಮಿದುಳಿನ ಭಾಗಗಳು ಹದಿಹರೆಯದ ಆರಂಭದಲ್ಲಿಯೇ ಚುರುಕಾಗುತ್ತವೆ. ಮುಂದಾಲೋಚನೆ, ಸಂಯಮ, ಸಾಧಕಬಾಧಕಗಳ ವಿವೇಚನೆಗೆ ನೆರವಾಗುವ ಮುಂಭಾಗವಾದರೋ ಇಪ್ಪತ್ತರ ನಡುವಿನ ವಯಸ್ಸಿನವರೆಗೂ ಬಲಿಯುತ್ತಲೇ ಇರುತ್ತದೆ. ಹನ್ನೊಂದರಿಂದ ಹದಿನಾಲ್ಕರವರೆಗಿನ ವಯಸ್ಸಿನಲ್ಲಿ ಅನೇಕ ಮಕ್ಕಳ ಅಚ್ಚುಕಟ್ಟುತನವೂ ಹೊಂದಾಣಿಕೆಯ ಗುಣವೂ ತಾತ್ಕಾಲಿಕವಾಗಿ ಕುಗ್ಗುತ್ತವೆ, ಮುಂದೆ ಮತ್ತೆ ಏರುತ್ತವೆ ಎಂದು ಮನೋವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಆದುದರಿಂದ ಈ ವಯಸ್ಸಿನ ಮಗ ಹಾಸಿಗೆ ಮಡಿಸದೆ ಹೋದ ಮಾತ್ರಕ್ಕೆ ಅವನು ಕೆಟ್ಟನೆಂದು ಬಗೆಯುವುದು ಸರಿಯಲ್ಲ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶವೆಂದರೆ, ಸ್ವಭಾವ ಮತ್ತು ತನ್ನತನ ಒಂದನ್ನೊಂದು ರೂಪಿಸುತ್ತವೆ. ಕುತೂಹಲವುಳ್ಳ ಮಗು ಹೆಚ್ಚು ಹುಡುಕುತ್ತದೆ. ಕಳವಳದ ಮಗು ಹುಡುಕುವುದಕ್ಕೆ ಬದಲು ಅದೇ ಚಿಂತೆಯನ್ನು ಮೆಲುಕು ಹಾಕುತ್ತ ಕುಳಿತುಕೊಳ್ಳುತ್ತದೆ. ಅಂತೆಯೇ, ತಾನು ಮೆಚ್ಚಿ ಕೈಗೊಂಡ ಗುರಿಯೊಂದು ದೊರೆತರೆ ಅಸ್ತವ್ಯಸ್ತವಾಗಿದ್ದ ಹುಡುಗನೂ ನಿಧಾನವಾಗಿ ಶಿಸ್ತಿಗೆ ಒಗ್ಗುತ್ತಾನೆ. ಅವನ ಶಿಸ್ತಿಗೆ ಈಗ ಒಳಗಿನಿಂದಲೇ ಕಾರಣ ಹುಟ್ಟಿಕೊಂಡಿರುತ್ತದೆ.

ಎರಿಕ್‌ಸನ್ ಅವರ ವಿಚಾರ

ಹದಿಹರೆಯದ ಈ ಹುಡುಕಾಟಕ್ಕೆ ಶಾಸ್ತ್ರೀಯ ರೂಪ ಕೊಟ್ಟವರು ಎರಿಕ್ ಎರಿಕ್‌ಸನ್. ಅವರ ಜೀವನವೇ ಅವರ ಸಿದ್ಧಾಂತಕ್ಕೆ ಭಾಷ್ಯದಂತಿದೆ. 1902ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಅವರ ಜನನ. ತಾಯಿ ಡೆನ್ಮಾರ್ಕ್ ದೇಶದ ಯಹೂದಿ ಮನೆತನದವರು. ಹೆತ್ತ ತಂದೆ ಯಾರೆಂಬುದು ಅವರಿಗೆ ಕೊನೆಯವರೆಗೂ ಖಚಿತವಾಗಿ ತಿಳಿಯಲಿಲ್ಲ. ತಾಯಿಯ ಕೈಹಿಡಿದ ಮಕ್ಕಳ ವೈದ್ಯರನ್ನೇ ತಂದೆಯೆಂದು ನಂಬಿ ಬೆಳೆದರು. ಎತ್ತರದ ನಿಲುವು, ಹೊಂಬಣ್ಣದ ಕೂದಲು, ನೀಲಿ ಕಣ್ಣು. ಯಹೂದಿ ಮಕ್ಕಳು ಅವರನ್ನು ಹೊರಗಿನವನೆಂದು ಆಡಿಕೊಂಡರೆ, ಶಾಲೆಯ ಜರ್ಮನ್ ಮಕ್ಕಳು ಯಹೂದಿಯೆಂದು ಹೀಯಾಳಿಸಿದರು. ಮಗನೂ ವೈದ್ಯನಾಗಲೆಂಬುದು ಸಾಕುತಂದೆಯ ಆಸೆ. ಮಗನಾದರೋ ಚಿತ್ರ ಬರೆಯುತ್ತ ಕೆಲವು ವರ್ಷ ಯುರೋಪಿನಲ್ಲಿ ಅಲೆದಾಡಿದರು. 1927ರಲ್ಲಿ, ತಮ್ಮ 25ನೆಯ ವಯಸ್ಸಿನಲ್ಲಿ, ವಿಯೆನ್ನಾದ ಪುಟ್ಟ ಶಾಲೆಯೊಂದರ ಉಪಾಧ್ಯಾಯರಾದರು. ಅಲ್ಲಿ ಸಿಗ್ಮಂಡ್ ಫ್ರಾಯ್ಡರ ಮಗಳು ಆ್ಯನಾ ಫ್ರಾಯ್ಡ್ ಅವರಲ್ಲಿ ಮನೋವಿಶ್ಲೇಷಣೆಯ ಶಿಕ್ಷಣ ಪಡೆದರು. 1933ರಲ್ಲಿ ಅಮೆರಿಕಕ್ಕೆ ವಲಸೆ ಹೋದರು. 1939ರಲ್ಲಿ ಅಲ್ಲಿಯ ನಾಗರಿಕರಾದಾಗ 'ಎರಿಕ್‌ಸನ್' ಎಂಬ ಹೊಸ ಹೆಸರನ್ನು ತಾವೇ ಇಟ್ಟುಕೊಂಡರು. ವಿಶ್ವವಿದ್ಯಾಲಯದ ಪದವಿಯೊಂದನ್ನೂ ಪಡೆಯದ ಈ ವ್ಯಕ್ತಿ 1960ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. 1994ರಲ್ಲಿ ನಿಧನರಾದರು.

ಅವರು 1950ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮಾನವಜೀವನವನ್ನು ಎಂಟು ಘಟ್ಟಗಳಾಗಿ ವಿಂಗಡಿಸಿದರು. ಐದನೆಯ ಘಟ್ಟವಾದ ಹದಿಹರೆಯದ ಮುಖ್ಯ ಕಾರ್ಯ ತನ್ನತನವನ್ನು ಕಂಡುಕೊಳ್ಳುವುದು. ಅದಕ್ಕಾಗಿ ಸಮಾಜವು ತರುಣರಿಗೆ ಒಂದಿಷ್ಟು ಬಿಡುವು ಕೊಡಬೇಕು. ತಪ್ಪಿ ನಡೆದರೂ ತಿದ್ದಿಕೊಳ್ಳಲು ಅವಕಾಶವಿರುವ ಕಾಲ ಅದಾಗಬೇಕು ಎಂಬುದು ಅವರ ಪ್ರತಿಪಾದನೆ.

ಎರಿಕ್‌ಸನ್ 1962ರಲ್ಲಿ ಅಹಮದಾಬಾದಿಗೆ ಬಂದರು. 1918ರ ಗಿರಣಿ ಮುಷ್ಕರದಲ್ಲಿ ಮಹಾತ್ಮಾ ಗಾಂಧಿಯವರೊಡನೆ ಇದ್ದವರನ್ನು ಅಲ್ಲಿ ಕಂಡರು. ಆ ಅಧ್ಯಯನದ ಫಲವಾಗಿ 1969ರಲ್ಲಿ ಗಾಂಧೀಜಿಯವರನ್ನು ಕುರಿತ ಅವರ ಗ್ರಂಥ ಹೊರಬಂದು, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ತನ್ನತನವು ರೂಪುಗೊಳ್ಳುವ ಬಗೆಯನ್ನು ತಿಳಿಯಲು ಗಾಂಧೀಜಿಯವರ ಹದಿಹರೆಯಕ್ಕಿಂತ ಹತ್ತಿರದ ಉದಾಹರಣೆ ನಮಗೆ ಸಿಗದು. ತಮ್ಮ ಆತ್ಮಕಥೆಯಲ್ಲಿ ಅವರು ಯಾವುದನ್ನೂ ಮುಚ್ಚಿಡದೆ ಬರೆದಿದ್ದಾರೆ.

ರಾಜಕೋಟೆಯ ನಾಚಿಕೆಯ ಹುಡುಗ

1869ರಲ್ಲಿ ಪೋರಬಂದರಿನಲ್ಲಿ ಜನಿಸಿದ ಮೋಹನದಾಸನು ಅತ್ಯಂತ ನಾಚಿಕೆಯ ಹುಡುಗ. ಶಾಲೆಯ ಗಂಟೆ ಹೊಡೆದೊಡನೆ, ಯಾರಾದರೂ ಮಾತನಾಡಿಸಿಯಾರೆಂದು ಮನೆಗೆ ಓಡಿಬಿಡುತ್ತಿದ್ದನು. 13ನೆಯ ವಯಸ್ಸಿನಲ್ಲಿಯೇ ಮದುವೆಯೂ ಆಯಿತು. ಅದು ವೈಷ್ಣವ ಮನೆತನ. ತಾಯಿ ಪುತಲೀಬಾಯಿ ವ್ರತನಿಷ್ಠೆಯವರು. ಅಂತಹ ಮನೆಯ ಹುಡುಗ ಗೆಳೆಯನೊಬ್ಬನ ಮಾತಿಗೆ ಮರುಳಾಗಿ, ಕಳ್ಳತನದಲ್ಲಿ ಮಾಂಸವನ್ನು ತಿಂದನು. ಮಾಂಸ ತಿನ್ನುವುದರಿಂದಲೇ ಇಂಗ್ಲಿಷರು ಬಲಿಷ್ಠರಾಗಿ ನಮ್ಮನ್ನು ಆಳುತ್ತಿದ್ದಾರೆ ಎಂಬುದು ಆ ಗೆಳೆಯನ ತರ್ಕ. ಒಂದು ವರ್ಷದ ಅವಧಿಯಲ್ಲಿ ಐದಾರು ಸಲ ಹೀಗೆ ನಡೆಯಿತು. ಹೊರಗೆ ತಿಂದು ಬಂದ ದಿನ, ಹಸಿವಿಲ್ಲವೆಂದು ತಾಯಿಗೆ ಸುಳ್ಳು ಹೇಳಬೇಕಾಗುತ್ತಿತ್ತು. ಆ ಸುಳ್ಳನ್ನು ತಾಳಲಾರದೆ, ತಾಯಿತಂದೆಗಳು ಬದುಕಿರುವವರೆಗೆ ತಿನ್ನುವುದಿಲ್ಲವೆಂದು ಬಿಟ್ಟುಬಿಟ್ಟನು. ತಿನ್ನುವುದು ತಪ್ಪೆಂದು ಅವನಿಗೆ ಆಗ ಅನ್ನಿಸಿರಲಿಲ್ಲ ಎಂಬುದನ್ನು ನೆನಪಿಡಬೇಕು.

ಹದಿನೈದರ ಸುಮಾರಿನಲ್ಲಿ, ಅಣ್ಣನ ಸಾಲ ತೀರಿಸಲು ಅಣ್ಣನ ತೋಳಿನ ಕಡಗದಿಂದ ಚೂರು ಬಂಗಾರವನ್ನು ಕದ್ದನು. ಮನಸ್ಸು ತಡೆಯದೆ, ತಪ್ಪನ್ನೆಲ್ಲ ಚೀಟಿಯಲ್ಲಿ ಬರೆದು, ತಕ್ಕ ಶಿಕ್ಷೆಯನ್ನು ಬೇಡಿ, ಹಾಸಿಗೆ ಹಿಡಿದಿದ್ದ ತಂದೆಯ ಕೈಗಿತ್ತನು. ತಂದೆ ಕರಮಚಂದರು ಓದಿದರು. ಕಣ್ಣೀರು ಕಾಗದವನ್ನು ತೋಯಿಸಿತು. ಒಂದು ಗಳಿಗೆ ಕಣ್ಣು ಮುಚ್ಚಿ, ಚೀಟಿಯನ್ನು ಹರಿದು, ಮತ್ತೆ ಮಲಗಿದರು. ಬೈಯಲಿಲ್ಲ, ಹೊಡೆಯಲಿಲ್ಲ. ತಂದೆ ಕೋಪಗೊಂಡು ಹಣೆ ಚಚ್ಚಿಕೊಂಡಾರೆಂದು ಹೆದರಿದ್ದ ಮಗನಿಗೆ ಆ ಶಾಂತಿ ಅಹಿಂಸೆಯ ಪಾಠವಾಯಿತು. ತಪ್ಪು ಒಪ್ಪಿಕೊಂಡ ಮಗನು ಆ ದಿನ ತಂದೆಯ ವಿಶ್ವಾಸವನ್ನು ಕಳೆದುಕೊಳ್ಳಲಿಲ್ಲ. ಸತ್ಯವೇ ತನ್ನ ದಾರಿಯೆಂದು ಮುಂದೆ ನಂಬಿದ ವ್ಯಕ್ತಿಗೆ, ಸತ್ಯ ಹೇಳಿದರೆ ಮನೆ ತನ್ನನ್ನು ಕೈಬಿಡುವುದಿಲ್ಲ ಎಂಬ ಅನುಭವ ಹದಿನೈದರಲ್ಲಿಯೇ ದೊರೆತಿತ್ತು.

ಲಂಡನ್ನಿನ ಮೂರು ವರ್ಷ

ಮೋಹನದಾಸನಿಗೆ 16 ವರ್ಷವಾದಾಗ ತಂದೆ ತೀರಿಕೊಂಡರು. ಮುಂದೆ ಭಾವನಗರದ ಕಾಲೇಜು ಒಂದೇ ಅವಧಿಗೆ ಸಾಕಾಯಿತು. ಕುಟುಂಬದ ಹಿತೈಷಿಯೊಬ್ಬರು ಬ್ಯಾರಿಸ್ಟರ್ ಓದಲು ಇಂಗ್ಲೆಂಡಿಗೆ ಕಳುಹಿಸುವಂತೆ ಸೂಚಿಸಿದರು. ವೈದ್ಯಕೀಯವನ್ನು ಓದಬಹುದೆ ಎಂದು ತರುಣನು ಕೇಳಿದನು. ಹೆಣ ಕೊಯ್ಯುವ ವಿದ್ಯೆ ವೈಷ್ಣವರಿಗೆ ಸಲ್ಲದು, ತಂದೆಗೂ ಅದು ಇಷ್ಟವಿರಲಿಲ್ಲ ಎಂದು ಅಣ್ಣ ತಡೆದರು. ಮದ್ಯ, ಮಾಂಸ, ಪರಸ್ತ್ರೀಯನ್ನು ಮುಟ್ಟುವುದಿಲ್ಲವೆಂದು ತಾಯಿಯ ಮುಂದೆ ಪ್ರತಿಜ್ಞೆ ಮಾಡಿದ ಮೇಲೆ ಅನುಮತಿ ದೊರೆಯಿತು. ಮುಂಬಯಿಯಲ್ಲಿ ಜಾತಿಯ ಮುಖಂಡರು ಸಭೆ ಸೇರಿ ಸಮುದ್ರಯಾನಕ್ಕಾಗಿ ಬಹಿಷ್ಕಾರ ಹಾಕಿದರು. 1888ರ ಸೆಪ್ಟೆಂಬರ್ 4ರಂದು ಹಡಗು ಹೊರಟಿತು. ಆಗ ಅವರಿಗೆ 19 ತುಂಬಿರಲಿಲ್ಲ.

ಲಂಡನ್ನಿನಲ್ಲಿ ಅವರು ಮೊದಲು ಮಾಡಿದ್ದು ಇಂಗ್ಲಿಷ್ ಸಭ್ಯಗೃಹಸ್ಥನಾಗುವ ಪ್ರಯತ್ನ. 19 ಶಿಲಿಂಗಿನ ಟೋಪಿ, 10 ಪೌಂಡಿನ ಸಂಜೆಯ ಉಡುಪು, ಅಣ್ಣನಿಂದ ತರಿಸಿಕೊಂಡ ಗಡಿಯಾರದ ಚಿನ್ನದ ಸರಪಳಿ, ಕನ್ನಡಿಯ ಮುಂದೆ ಟೈ ಕಟ್ಟುವ ಅಭ್ಯಾಸ. ನೃತ್ಯದ ಪಾಠ, ಪಿಟೀಲಿನ ಪಾಠ, ಭಾಷಣಕಲೆಯ ಪಾಠ. ಈ ಮೋಹ ಸುಮಾರು ಮೂರು ತಿಂಗಳಿಗೆ ಇಳಿಯಿತು. ತಾನು ವಿದ್ಯಾರ್ಥಿ, ಇಂಗ್ಲೆಂಡಿನಲ್ಲಿ ಬಾಳು ಕಳೆಯಲು ಬಂದವನಲ್ಲ ಎಂಬ ವಿವೇಕ ಮೂಡಿತು. ಇಂದಿನ ಮಕ್ಕಳ ವೇಷಭೂಷಣಗಳನ್ನು ಕಂಡು ಹೌಹಾರುವವರು ಈ ಮೂರು ತಿಂಗಳನ್ನು ನೆನೆಯುವುದು ಒಳ್ಳೆಯದು. ಹಾಕಿ ನೋಡಿ ಕಳಚಿದ ವೇಷವೂ ಹುಡುಕಾಟದ ಒಂದು ಮೆಟ್ಟಿಲೇ.

ಆಹಾರದ ವಿಷಯದಲ್ಲಿ ನಡೆದುದು ಇನ್ನೂ ಅರ್ಥಪೂರ್ಣ. ಕೊಟ್ಟ ಮಾತಿಗಾಗಿ ಅವರು ಅರೆಹೊಟ್ಟೆಯಲ್ಲಿದ್ದರೂ ಮಾಂಸ ಮುಟ್ಟಲಿಲ್ಲ. ಆದರೆ ಮನಸ್ಸಿನಲ್ಲಿ ಮಾಂಸಾಹಾರವೇ ಸರಿಯೆಂಬ ಭಾವನೆ ಉಳಿದಿತ್ತು. ಒಂದು ದಿನ ಫ್ಯಾರಿಂಗ್‌ಡನ್ ಬೀದಿಯಲ್ಲಿ ಸಸ್ಯಾಹಾರಿ ಭೋಜನಾಲಯ ಸಿಕ್ಕಿತು. ಅಲ್ಲಿ ಸಸ್ಯಾಹಾರವನ್ನು ಸಮರ್ಥಿಸುವ ಹೆನ್ರಿ ಸಾಲ್ಟ್ ಅವರ ಪುಸ್ತಕವನ್ನು ಒಂದು ಶಿಲಿಂಗ್ ಕೊಟ್ಟು ಕೊಂಡು, ಆದ್ಯಂತ ಓದಿದರು. ಅಂದಿನಿಂದ ತಾವು ಸ್ವಂತ ಆಯ್ಕೆಯಿಂದ ಸಸ್ಯಾಹಾರಿಯಾದುದಾಗಿ ಅವರು ಬರೆದಿದ್ದಾರೆ. ಊಟ ಬದಲಾಗಲಿಲ್ಲ; ಊಟದ ಹಿಂದಿನ ಕಾರಣ ಬದಲಾಯಿತು. ಮನೆಯಿಂದ ಬಂದ ಆಚಾರ, ಪರೀಕ್ಷೆಗೆ ಒಳಗಾಗಿ, ಅವರದೇ ನಂಬಿಕೆಯಾಯಿತು. ಭಗವದ್ಗೀತೆಯನ್ನು ಅವರು ಮೊದಲು ಓದಿದುದೂ ಲಂಡನ್ನಿನಲ್ಲಿಯೇ, ಇಬ್ಬರು ಥಿಯಾಸಫಿಸ್ಟ್ ಗೆಳೆಯರೊಡನೆ, ಎಡ್ವಿನ್ ಆರ್ನಲ್ಡ್ ಅವರ ಇಂಗ್ಲಿಷ್ ಅನುವಾದದಲ್ಲಿ.

ಇಷ್ಟಾದರೂ ನಾಚಿಕೆ ಹೋಗಲಿಲ್ಲ. ಸಸ್ಯಾಹಾರಿ ಸಂಘದ ಕಾರ್ಯಸಮಿತಿಯಲ್ಲಿ ತಮ್ಮ ಅಭಿಪ್ರಾಯವನ್ನು ಬರೆದುಕೊಂಡು ಹೋದರೂ ಓದಲಾಗದೆ ಬೇರೊಬ್ಬರಿಂದ ಓದಿಸಬೇಕಾಯಿತು. 1891ರಲ್ಲಿ ಬ್ಯಾರಿಸ್ಟರ್ ಆಗಿ ಮರಳಿದ ಮೇಲೆ, ಮುಂಬಯಿಯ ನ್ಯಾಯಾಲಯದಲ್ಲಿ ತಮ್ಮ ಮೊದಲ ಮೊಕದ್ದಮೆಯಲ್ಲಿ ಪ್ರಶ್ನೆ ಕೇಳಲು ಎದ್ದುನಿಂತು, ಬಾಯಿ ಬಾರದೆ ಕುಳಿತುಬಿಟ್ಟರು. ಆದರೆ 1893ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ, ಅಪಮಾನಗಳನ್ನು ಸ್ವತಃ ಅನುಭವಿಸಿ ಪ್ರಿಟೋರಿಯಾ ತಲುಪಿದ ಮೇಲೆ, ಅಲ್ಲಿಯ ಭಾರತೀಯರನ್ನು ಒಂದೆಡೆ ಸೇರಿಸಿ ಮಾತನಾಡಿದರು. ಅದು ತಮ್ಮ ಬಾಳಿನ ಮೊದಲ ಸಾರ್ವಜನಿಕ ಭಾಷಣವೆಂದು ಅವರೇ ಹೇಳುತ್ತಾರೆ. ಹೇಳಲೇಬೇಕಾದ ಮಾತು ದೊರೆತಾಗ ಬಾಯಿ ತೆರೆಯಿತು. ಮಾತಿನಲ್ಲಿ ಮಿತವ್ಯಯವನ್ನು ಕಲಿಸಿ, ಸತ್ಯವನ್ನು ಕಾಪಾಡಿದ್ದು ತಮ್ಮ ನಾಚಿಕೆಯೇ ಎಂದು ಅವರು ಮುಂದೆ ಕೃತಜ್ಞತೆಯಿಂದ ನೆನೆದರು. ಸ್ವಭಾವವು ಅಳಿಯಲಿಲ್ಲ, ತನ್ನತನವು ಅದಕ್ಕೊಂದು ಅರ್ಥವನ್ನು ಕೊಟ್ಟಿತು. ಮಗುವಿನ ಸಂಕೋಚವನ್ನು ಕಿತ್ತೊಗೆಯಲು ಹೆಣಗುವ ತಾಯಿತಂದೆಗಳು ಮನನ ಮಾಡಬೇಕಾದ ಸಂಗತಿಯಿದು.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಅದೇ ಎಳೆಯ ವಯಸ್ಸಿನಲ್ಲಿ ಮದುವೆಯಾದ ಕಸ್ತೂರಬಾ ಅವರಿಗೆ ಇಂತಹ ಬಿಡುವು ದೊರೆಯಲಿಲ್ಲ. ಪತಿಯು ಹಡಗು ಹತ್ತಿದಾಗ ಅವರು ಹಸುಳೆಯ ತಾಯಿ. ಹುಡುಕಾಟದ ವರ್ಷಗಳು ಗಂಡುಮಕ್ಕಳಿಗೆ ಮಾತ್ರ ಮೀಸಲೆಂಬ ಭಾವನೆ ನಮ್ಮ ಮನೆಗಳಲ್ಲಿ ಇಂದಿಗೂ ಪೂರ್ತಿಯಾಗಿ ಅಳಿದಿಲ್ಲ.

ಎರವಲು ತಂದ ತನ್ನತನ

ಎರಿಕ್‌ಸನ್ ಅವರ ವಿಚಾರವನ್ನು ಮುಂದುವರಿಸಿದ ಜೇಮ್ಸ್ ಮಾರ್ಷಿಯಾ ಅವರು 1966ರಲ್ಲಿ ತರುಣರ ಮನಃಸ್ಥಿತಿಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಹುಡುಕಾಟವೂ ಇಲ್ಲದ, ನಿರ್ಧಾರವೂ ಇಲ್ಲದ ಅಲೆಮಾರಿ ಸ್ಥಿತಿ ಒಂದು. ಹುಡುಕಾಟ ನಡೆದಿದ್ದು, ನಿರ್ಧಾರ ಇನ್ನೂ ಆಗದ ಸ್ಥಿತಿ ಎರಡನೆಯದು. ಹುಡುಕಿ ನೋಡಿ ನಿರ್ಧಾರಕ್ಕೆ ಬಂದುದು ಮೂರನೆಯದು. ಹುಡುಕದೆಯೇ, ಹಿರಿಯರು ಹೇಳಿದ್ದನ್ನು ಹಾಗೆಯೇ ಒಪ್ಪಿಕೊಂಡ ನಿರ್ಧಾರ ನಾಲ್ಕನೆಯದು. ಇವು ಯಾರ ಹಣೆಯ ಮೇಲೂ ಬರೆದ ಪಟ್ಟಿಗಳಲ್ಲ. ಒಬ್ಬನೇ ತರುಣ ಒಂದರಿಂದ ಇನ್ನೊಂದಕ್ಕೆ ಸಾಗಬಹುದು.

ತಾಯಿತಂದೆಗಳಿಗೆ ಮೆಚ್ಚುಗೆಯಾಗುವುದು ಬಹುಶಃ ಈ ನಾಲ್ಕನೆಯ ಬಗೆ. ಮಗು ಎದುರಾಡುವುದಿಲ್ಲ, ಮನೆಯಲ್ಲಿ ಶಾಂತಿ ಇರುತ್ತದೆ. ಹಿರಿಯರ ಮಾತು ಒಳ್ಳೆಯದೇ ಆಗಿರಬಹುದು. ಆದರೆ ಎರವಲು ತಂದದ್ದು ಪೆಟ್ಟು ತಾಳುವುದು ಕಷ್ಟ. ಎಸ್.ಎಸ್.ಎಲ್.ಸಿ. ಮುಗಿದೊಡನೆ ವಿಜ್ಞಾನವೇ, ವಾಣಿಜ್ಯವೇ, ಕಲೆಯೇ ಎಂಬ ಪ್ರಶ್ನೆ ನಮ್ಮ ಮನೆಗಳ ಕದ ತಟ್ಟುತ್ತದೆ. ಹದಿನೈದು ಹದಿನಾರರ ಮಗುವಿಗೆ ತನ್ನ ಒಲವು ಯಾವುದೆಂದು ಅರಿಯಲು ಸಮಯವೇ ಸಿಗುವುದಿಲ್ಲ. 'ವೈದ್ಯನಾಗಲಿರುವವನು' ಎಂಬುದೊಂದೇ ಅವನ ಗುರುತಾಗಿಬಿಟ್ಟರೆ, ಪ್ರವೇಶ ಪರೀಕ್ಷೆಯಲ್ಲಿ ಅಂಕ ಕಡಿಮೆಯಾದ ದಿನ ಅವನು ಕಳೆದುಕೊಳ್ಳುವುದು ಒಂದು ಸೀಟನ್ನಲ್ಲ. ತಾನು ಯಾರೆಂಬ ಅರಿವನ್ನೇ. ಫಲಿತಾಂಶದ ದಿನಗಳಲ್ಲಿ ಪತ್ರಿಕೆಗಳಲ್ಲಿ ಬರುವ ದುಃಖದ ವಾರ್ತೆಗಳ ಹಿಂದೆ ಹಲವು ಕಾರಣಗಳಿರುತ್ತವೆ. ಆದರೆ ಅಂಕವನ್ನೇ ಮಗುವಿನ ಬೆಲೆಯೆಂದು ಬಗೆಯುವ ನಮ್ಮ ಅಭ್ಯಾಸಕ್ಕೂ ಅದರಲ್ಲಿ ಪಾಲಿದೆ ಎಂಬುದನ್ನು ಅಲ್ಲಗಳೆಯಲಾಗದು.

ಹಿರಿಯರು ಏನು ಮಾಡಬೇಕು?

ಹಾಗೆಂದು ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡುವುದು ಪರಿಹಾರವಲ್ಲ. ದಡವಿಲ್ಲದ ನೀರು ನದಿಯಾಗುವುದಿಲ್ಲ. ಊಟ, ನಿದ್ರೆ, ಓದು, ಹೊತ್ತಿಗೆ ಮನೆ ಸೇರುವುದು, ಕೈಫೋನಿನ ಬಳಕೆ ಇವುಗಳಿಗೆ ಮನೆಯಲ್ಲಿ ಕಟ್ಟುಪಾಡು ಇರಲೇಬೇಕು. ಆ ಕಟ್ಟುಪಾಡಿನ ಕಾರಣವನ್ನು ಮಕ್ಕಳಿಗೆ ವಿವರಿಸುವುದೂ ಅಷ್ಟೇ ಅಗತ್ಯ. ಹಿರಿಯರೂ ಅದನ್ನು ಪಾಲಿಸಿದರೆ ಮಾತಿಗೆ ತೂಕ ಬರುತ್ತದೆ.

ಮಗು 'ಏಕೆ?' ಎಂದು ಕೇಳಿದಾಗ ಅದನ್ನು ಉದ್ಧಟತನವೆಂದು ತಿಳಿಯದೆ, ತಿಳಿದಷ್ಟು ಉತ್ತರ ಹೇಳಬೇಕು. ಮನೆಯ ಆಚಾರವೊಂದರ ಅರ್ಥ ತಿಳಿಯದಿದ್ದರೆ, 'ಬಾ, ಇಬ್ಬರೂ ತಿಳಿದವರನ್ನು ಕೇಳೋಣ' ಎನ್ನುವುದರಲ್ಲಿ ಸಣ್ಣತನವೇನಿಲ್ಲ. ಪ್ರಶ್ನೆ ಕೇಳಿ ಉಳಿಸಿಕೊಂಡ ನಂಬಿಕೆ, ಬೆದರಿ ಉಳಿಸಿಕೊಂಡ ನಂಬಿಕೆಗಿಂತ ಗಟ್ಟಿ.

ಮಗಳಿಗಾಗಲಿ ಮಗನಿಗಾಗಲಿ, ಯಾವ ವಿಷಯವನ್ನು ಓದಬೇಕೆಂದು ನಿರ್ಧರಿಸುವ ಮೊದಲು ಆಯಾ ವೃತ್ತಿಯವರ ಕೆಲಸವನ್ನು ಕಣ್ಣಾರೆ ಕಾಣುವ ಅವಕಾಶ ಮಾಡಿಕೊಡಬೇಕು. ಬಂಧುಬಳಗದಲ್ಲಿ ಬೇಸಾಯಗಾರರು, ಉಪಾಧ್ಯಾಯರು, ದಾದಿಯರು, ಅಂಗಡಿಯವರು, ಇಂಜಿನಿಯರುಗಳು ಇದ್ದೇ ಇರುತ್ತಾರೆ. ರಜೆಯಲ್ಲಿ ಒಂದು ವಾರ ಅವರ ಜೊತೆಗಿದ್ದು ಬರುವ ಮಗು ತನ್ನ ಒಲವನ್ನು ತಾನೇ ಅರಿಯತೊಡಗುತ್ತದೆ.

ಹದಿಹರೆಯದ ಕೊನೆಯ ಹೊತ್ತಿಗೆ ತರುಣರು ತಮ್ಮ ಬಾಳನ್ನೇ ಒಂದು ಕಥೆಯಂತೆ ಹೆಣೆದುಕೊಳ್ಳತೊಡಗುತ್ತಾರೆ ಎಂದು ಮನೋವಿಜ್ಞಾನಿ ಡ್ಯಾನ್ ಮ್ಯಾಕ್‌ಆಡಮ್ಸ್ ಹೇಳುತ್ತಾರೆ. ಆ ಕಥೆಗೆ ಬೇಕಾದ ನೂಲನ್ನು ಅಜ್ಜ ಅಜ್ಜಿಯರು ಒದಗಿಸಬಲ್ಲರು. ಮನೆತನದ ಗೆಲುವನ್ನು ಮಾತ್ರವಲ್ಲ, ಬರಗಾಲವನ್ನು ದಾಟಿದ ಬಗೆ, ಸಾಲ ತೀರಿಸಿದ ಬಗೆ, ಸೋತು ಮತ್ತೆ ಎದ್ದು ನಿಂತ ಬಗೆ ಇವನ್ನೂ ಹೇಳಬೇಕು. ಸೋಲಿನ ಕಥೆ ಕೇಳಿದ ಮಗುವಿಗೆ ತನ್ನ ಸೋಲು ಕೊನೆಯೆನಿಸುವುದಿಲ್ಲ.

ಸಾಮಾನ್ಯವಾದ ಮುನಿಸಿಗೂ ನಿಜವಾದ ಅಪಾಯಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸಬೇಕು. ವಾರಗಟ್ಟಲೆ ಮಂಕಾಗಿರುವುದು, ಊಟ ನಿದ್ರೆ ಕೆಡುವುದು, ಇಷ್ಟದ ಆಟಪಾಠಗಳನ್ನು ತೊರೆಯುವುದು, ಬದುಕು ಬೇಡವೆಂಬ ಮಾತು ಬರುವುದು ಇವು ಕಂಡರೆ, 'ವಯಸ್ಸಿನ ದೋಷ' ಎಂದು ಕಡೆಗಣಿಸದೆ ತಡಮಾಡದೆ ವೈದ್ಯರ ಸಲಹೆ ಪಡೆಯಬೇಕು. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿ ಉಚಿತವಾಗಿ ನೆರವು ಪಡೆಯಬಹುದು. ಮನಸ್ಸಿನ ನೋವಿಗೆ ಮದ್ದು ಕೇಳುವುದರಲ್ಲಿ ಮನೆತನಕ್ಕೆ ಯಾವ ಕುಂದೂ ಇಲ್ಲ.

ಎಲ್ಲಕ್ಕಿಂತ ಮಿಗಿಲಾಗಿ, ತಪ್ಪು ಮಾಡಿದ ಮಗು ಮೊದಲು ಬಂದು ಹೇಳಿಕೊಳ್ಳಬೇಕಾದ ಸ್ಥಳ ಮನೆಯೇ ಆಗಿರಬೇಕು. ಹೊಲ, ಮನೆ, ಹೆಸರು, ಆಚಾರ ಎಲ್ಲವನ್ನೂ ನಾವು ಮಕ್ಕಳಿಗೆ ಕೊಡಬಲ್ಲೆವು. ತನ್ನತನವನ್ನು ಮಾತ್ರ ಕೊಡಲಾರೆವು. ಅದನ್ನು ಅವರೇ ಹುಡುಕಿಕೊಳ್ಳಬೇಕು. ಹುಡುಕುವಷ್ಟು ಕಾಲ ತಾಳ್ಮೆಯಿಂದ ಬೆನ್ನಿಗೆ ನಿಲ್ಲುವುದು ನಮ್ಮ ಕೈಯಲ್ಲಿದೆ. ಹಾಗೆ ನಿಂತ ಮನೆಯಿಂದ ಹೊರಟ ಮಕ್ಕಳು ಎಷ್ಟು ದೂರ ಹೋದರೂ, ಮನೆಯಿಂದ ಪಡೆದುದನ್ನು ತಮ್ಮದೆಂದು ಅರಿತು, ಉಳಿಸಿ ಬೆಳೆಸುತ್ತಾರೆ.